ಬಿಡಿಸಲಾಗದ ಪದಬಂಧವನ್ನು ಬಿಡಿಸಿದವನು

ಯಾರಿಂದಲೂ ಬಿಡಿಸಲು ಸಾಧ್ಯವೇ ಇಲ್ಲದ ಒಂದು ಪದಬಂಧವನ್ನು ನಾನು ಒಮ್ಮೆ ಹದಿನೈದು ನಿಮಿಷದಲ್ಲಿ ಬಿಡಿಸಿದ್ದೇನೆ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡುವಂಥ ವಿಷಯವಾಗಿದ್ದರೆ ನಾನು ಒಂದು ವಾರವೂ ಬಾಯಿ ಮುಚ್ಚಿಕೊಂಡು ಇರುವವನಲ್ಲ; ನನ್ನನ್ನು ಬಲ್ಲ ಯಾರನ್ನು ಬೇಕಾದರೂ ಕೇಳಿ. ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದರೆ ಅದು ಎಂಥದ್ದಿರಬೇಕು ನೀವೇ ಊಹಿಸಿ.

ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳ ಮಾತು. ಆಗಷ್ಟೇ ಮದುವೆಯಾಗಿತ್ತು. ನನ್ನ ಕೆಲಸ ಕೊಚ್ಚಿಯ ಐಟಿ ಪಾರ್ಕಿನಲ್ಲಿ, ಹೆಂಡತಿಯದು ತಿರುವನಂತಪುರದ ಐಟಿ ಪಾರ್ಕಿನಲ್ಲಿ. ಇಬ್ಬರೂ ತುಮಕೂರಿನ ಕಡೆಯವರು, ಇಬ್ಬರಿಗೂ ಮಲಯಾಳ ಬಾರದು. ಶನಿವಾರ ಬೆಳಗಿನ ರೈಲಿಗೆ ನಾನು ತಿರುವನಂತಪುರಕ್ಕೆ ಹೋಗುವುದು, ಭಾನುವಾರ ಸಂಜೆ ವಾಪಸ್ಸು ಬರುವುದು. ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ದಿನವಿಡೀ ಕಂಡವರ ತಪ್ಪು ಹುಡುಕಿ ಹುಡುಕಿ, ನಾನು ತಪ್ಪು ಮಾಡುವವರ ಜಾತಿಗೆ ಸೇರಿದವನೇ ಅಲ್ಲ ಎಂಬ ಭಾವನೆ ನನಗೆ ಬಂದುಬಿಟ್ಟಿತ್ತು.

ನಾನಿದ್ದದ್ದು ಮಟ್ಟಾಂಚೇರಿಯಲ್ಲಿ, ಒಂದು ಸಾಂಬಾರ ಪದಾರ್ಥದ ಅಂಗಡಿಯ ಮಹಡಿ ಮೇಲಿನ ಕೋಣೆಯಲ್ಲಿ. ಅಲ್ಲಿಂದ ಆಫೀಸು ದೂರ. ಬೋಟು ಹತ್ತಿ ಎರ್ನಾಕುಳಂ, ಆಮೇಲೆ ಬಸ್ಸು. ಆದರೂ ಆ ಕೋಣೆ ಬಿಡಲಿಲ್ಲ. ಕೆಳಗಿನ ಅಂಗಡಿಯವರದು ಕೊಂಕಣಿ ಮನೆಮಾತು, ಮಂಗಳೂರಿನ ನಂಟು. ಅಲ್ಲಿಂದ ಅವರು ದಿನಾ ರೈಲಿನಲ್ಲಿ ಒಂದು ಕನ್ನಡ ಪತ್ರಿಕೆಯ ಎಂಟು ಪ್ರತಿ ತರಿಸುತ್ತಿದ್ದರು. ಬೆಳಗ್ಗೆ ಮಂಗಳೂರಿನಲ್ಲಿ ಅಚ್ಚಾದದ್ದು ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಶುಂಠಿಯ ಮೂಟೆಯ ಮೇಲೆ ಕಾದಿರುತ್ತಿತ್ತು.

ತಿರುವನಂತಪುರದ ಕನ್ನಡಿಗರಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿಗೆ ಪತ್ರಿಕೆ ಬರುತ್ತಿದ್ದದ್ದು ಅಂಚೆಯಲ್ಲಿ, ಕಾಗದದ ಪಟ್ಟಿ ಸುತ್ತಿಕೊಂಡು, ಮೂರು ದಿನ ತಡವಾಗಿ. ನಾನು ಕೊಚ್ಚಿಯಲ್ಲಿ ಶುಕ್ರವಾರ ಸಂಜೆ ಓದಿದ ಪತ್ರಿಕೆ ಅವರ ಕೈಗೆ ಸೇರುತ್ತಿದ್ದದ್ದು ಸೋಮವಾರ. ಆ ಪತ್ರಿಕೆಯಲ್ಲಿ ಭಾನುವಾರ ದೊಡ್ಡ ಪದಬಂಧ ಬರುತ್ತಿತ್ತು, ಅದರ ಉತ್ತರ ಶುಕ್ರವಾರ. ಇಷ್ಟು ಹೇಳಿದರೆ ಸಾಕು; ನನ್ನ ಕಳ್ಳತನದ ಅರ್ಧ ಭಾಗ ನಿಮಗೆ ಗೊತ್ತಾಯಿತು.

ಹೆಂಡತಿಗೆ ಶನಿವಾರವೂ ಐದು ಗಂಟೆಯವರೆಗೆ ಕೆಲಸ. ಮಧ್ಯಾಹ್ನ ಬಂದಿಳಿದ ನಾನು ಅಷ್ಟು ಹೊತ್ತು ಎಲ್ಲಿಗೆ ಹೋಗಬೇಕು? ರೈಲು ನಿಲ್ದಾಣವಿರುವ ತಂಪಾನೂರಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಓಣಿಯಲ್ಲಿ ಕಾಸರಗೋಡಿನ ಒಬ್ಬ ಹಿರಿಯರ ಮನೆಯಿತ್ತು. ಅಲ್ಲಿ ಶನಿವಾರ ಮೂರು ಗಂಟೆಗೆ ನಾಲ್ಕೈದು ಜನ ಕನ್ನಡದವರು ಸೇರಿ ಪದಬಂಧ ಬಿಡಿಸುತ್ತಾರೆ ಎಂದು ಕನ್ನಡ ಸಂಘದಲ್ಲಿ ಯಾರೋ ಹೇಳಿದರು. ಹೋದೆ.

ಹಿರಿಯರು ಕೇರಳ ಸರಕಾರದಲ್ಲಿ ಕನ್ನಡ ಭಾಷಾಂತರಕಾರರಾಗಿ ನಿವೃತ್ತರಾದವರು. ಕಾಸರಗೋಡಿನ ಕನ್ನಡಿಗರಿಗಾಗಿ ಸರಕಾರ ಕಾನೂನು, ಸುತ್ತೋಲೆ, ನೋಟೀಸುಗಳನ್ನು ಕನ್ನಡಕ್ಕೆ ತರಿಸುತ್ತದಲ್ಲ, ಆ ಕೆಲಸ. ನಿವೃತ್ತಿಯಾದ ಮೇಲೂ ಅವರಷ್ಟು ಚೆನ್ನಾಗಿ ಮಾಡುವವರು ಸಿಗದೆ ಇಲಾಖೆಯವರು ಕಾಗದಗಳನ್ನು ಮನೆಗೇ ಕೊಟ್ಟು ಕಳಿಸುತ್ತಿದ್ದರು. ನಾನು ಹೋಗಲು ಶುರು ಮಾಡಿದಾಗ ಪಂಚಾಯತಿ ನಿಯಮಗಳ ಒಂದು ದಪ್ಪ ಪುಸ್ತಕ ಅವರ ಮೇಜಿನ ಮೇಲಿತ್ತು. ಹಳ್ಳಿಯ ಒಬ್ಬ ಮುದುಕಿ ತನ್ನ ಮನೆಯ ತೆರಿಗೆ ಯಾಕೆ ಹೆಚ್ಚಾಯಿತು ಎಂದು ತಾನೇ ಓದಿ ತಿಳಿದುಕೊಳ್ಳುವ ಹಾಗೆ ಬರೆಯಬೇಕು ಎನ್ನುತ್ತಿದ್ದರು. ಇದೊಂದು ಮುಗಿಸಿಯೇ ಪೆನ್ನು ಕೆಳಗಿಡುವುದು ಎಂದೂ ಹೇಳುತ್ತಿದ್ದರು.

ಬರುತ್ತಿದ್ದವರು ಹೆಚ್ಚೇನಿಲ್ಲ. ಕಾಸರಗೋಡಿನವರೇ ಆದ ಒಬ್ಬ ವಕೀಲಮ್ಮ, ಐವತ್ತರ ಹತ್ತಿರದವರು, ಪದಬಂಧದ ಸುಳಿವನ್ನೂ ಎದುರು ಪಕ್ಷದ ಸಾಕ್ಷಿಯಂತೆ ಪಾಟೀಸವಾಲು ಮಾಡುವವರು. ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಕಲಬುರಗಿಯ ಒಬ್ಬ ತರುಣ. ಮತ್ತೆ ಹಿರಿಯರ ಹೆಂಡತಿ. ಅವರನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಅವರು ಕೊಡುತ್ತಿದ್ದದ್ದು ಅವರ ಬಾಯಲ್ಲಿ ಸಜ್ಜಿಗೆ, ಕಲಬುರಗಿಯವನ ಬಾಯಲ್ಲಿ ಉಪ್ಪಿಟ್ಟು. ಅದರ ಮೇಲೆ ಪ್ರತಿ ವಾರ ಒಂದು ಸುತ್ತು ಜಗಳ ಮುಗಿದ ಮೇಲೆಯೇ ಪದಬಂಧ.

ಮೊದಲ ಸಲ ನಡೆದದ್ದು ಅಂಥ ದೊಡ್ಡ ಪಾಪವೇನಲ್ಲ. ಎಲ್ಲರೂ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದರು. ಹಿಂದಿನ ಸಂಜೆ ಉತ್ತರದ ಚೌಕದ ಮೇಲೆ ಕಣ್ಣಾಡಿಸಿದ್ದು ನೆನಪಿದ್ದು ನಾನು ಥಟ್ಟನೆ ಹೇಳಿಬಿಟ್ಟೆ. ಉತ್ತರ ಪತ್ರಿಕೆಯಲ್ಲಿ ಬಂದಿದೆ ಎಂದು ಸೇರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡಿದರು. ಅವರ ಮುಖದಲ್ಲಿ ಅಂಥ ಸಂತೋಷ. ವಕೀಲಮ್ಮ ಕೂಡ ಕನ್ನಡಕದ ಮೇಲಿನಿಂದ ನೋಡಿ ಪರವಾಗಿಲ್ಲವಲ್ಲ ಎಂದರು. ತೆರೆದ ಬಾಯಿಗೆ ನಾನು ಸಜ್ಜಿಗೆ ಹಾಕಿಕೊಂಡೆ.

ಆಮೇಲಿಂದ ಪ್ರತಿ ಶುಕ್ರವಾರ ಓದಿಯೇ ಹೋಗತೊಡಗಿದೆ. ಓದುವುದೆಂದರೇನು, ಸುಳಿವುಗಳನ್ನೂ ನೋಡುತ್ತಿರಲಿಲ್ಲ. ಉತ್ತರದ ಚೌಕವನ್ನು ರೈಲಿನಲ್ಲಿ ಮಗ್ಗಿಯ ಹಾಗೆ ಉರು ಹೊಡೆಯುವುದು. ಕ್ರಮೇಣ ನಟನೆಯೂ ಪಳಗಿತು. ತಕ್ಷಣ ಹೇಳಬಾರದು, ಫ್ಯಾನನ್ನು ಸ್ವಲ್ಪ ಹೊತ್ತು ನೋಡಬೇಕು. ವಾರಕ್ಕೆ ಒಂದು ಪದ ಬರದವನಂತೆ ಬಿಡಬೇಕು. ಬೇರೆಯವರು ಹೇಳಿದಾಗ ಅಯ್ಯೋ ನಾಲಿಗೆಯ ತುದಿಯಲ್ಲಿತ್ತು ಎನ್ನಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎಂಬ ಗಾದೆ ನನಗೂ ಗೊತ್ತಿತ್ತು. ಆದರೆ ಇಲ್ಲಿ ಜಗತ್ತಿನ ಕಣ್ಣೇ ಮೂರು ದಿನ ತಡವಾಗಿ ತೆರೆಯುತ್ತಿತ್ತು.

ಒಂದು ಸಲ ಹೆಂಡತಿ ನನ್ನ ಚೀಲದಲ್ಲಿ ಶುಕ್ರವಾರದ ಪತ್ರಿಕೆ ಕಂಡು, ಓದಿ ಆಗಿದ್ದರೆ ಆ ಹಿರಿಯರಿಗೆ ಕೊಡಬಾರದೇ, ಪಾಪ ಅಂಚೆಯವನ ದಾರಿ ಕಾಯುತ್ತಾರೆ ಎಂದಳು. ಹೌದಲ್ಲ, ಮರೆತೇಹೋಯಿತು ಎಂದೆ. ಮುಂದಿನ ವಾರದಿಂದ ವರ್ಕಲ ಸ್ಟೇಷನ್ ದಾಟುವಷ್ಟರಲ್ಲಿ ಉರು ಹೊಡೆದು ಮುಗಿಸಿ, ತಿರುವನಂತಪುರದಲ್ಲಿ ಪತ್ರಿಕೆಯನ್ನು ರೈಲಿನ ಸೀಟಿನ ಮೇಲೆ ಬಿಟ್ಟು ಇಳಿಯಲು ಶುರು ಮಾಡಿದೆ. ಹೊಸ ಕನ್ನಡ ಪತ್ರಿಕೆಗಾಗಿ ಹಂಬಲಿಸುವ ಮನೆಗೆ ಹೋಗುವ ದಾರಿಯಲ್ಲಿ ಕನ್ನಡ ಓದಲು ಬಾರದವರ ನಡುವೆ ಅದನ್ನು ಎಸೆದು ಹೋಗುತ್ತಿದ್ದೆ. ಆ ಕಳ್ಳತನಕ್ಕಿಂತ ಇದೇ ಹೆಚ್ಚು ಹೇಸಿಗೆ ಎಂದು ಈಗ ಅನಿಸುತ್ತದೆ.

ಇಲ್ಲಿಯವರೆಗಿನದನ್ನು ಹುಡುಗಾಟಿಕೆ ಎಂದು ಯಾರಾದರೂ ಕ್ಷಮಿಸಬಹುದು. ಮುಂದಿನದು ಹಾಗಲ್ಲ. ಒಂದು ಶನಿವಾರ ಹಿರಿಯರು ನನ್ನನ್ನು ಓಣಿಯ ತುದಿಯವರೆಗೆ ಬಿಡಲು ಬಂದರು. ದಾರಿಯಲ್ಲಿ, ಮಳೆ ಬರುತ್ತದೋ ಇಲ್ಲವೋ ಎನ್ನುವಷ್ಟು ಸಾಧಾರಣವಾಗಿ, ತಮ್ಮ ಅಣ್ಣನ ಸುದ್ದಿ ಹೇಳಿದರು. ಅಣ್ಣನಿಗೆ ಅರವತ್ತೆಂಟರಲ್ಲಿ ಮರೆವು ಹಿಡಿಯಿತು. ಮೊದಲು ಹೋದದ್ದು ಪದಗಳು. ಸೌಟು ಎನ್ನಲು ಹೋಗಿ ಅದು, ಅದು ಎನ್ನುತ್ತ ಕೈ ತಿರುಗಿಸುತ್ತಿದ್ದರಂತೆ. ಕೊನೆಗೆ ಮಕ್ಕಳ ಗುರುತೂ ಇರಲಿಲ್ಲ. ಹಿರಿಯರಿಗೆ ಆಗ ಅರವತ್ತೇಳು.

“ಈ ಪದಬಂಧ ನಂಗೆ ಆಟ ಅಲ್ಲ ಮಾರಾಯ್ರೆ. ಪರೀಕ್ಷೆ. ನಾನಿನ್ನೂ ಇದ್ದೇನಾ ಅಂತ ವಾರಕ್ಕೊಮ್ಮೆ ನೋಡಿಕೊಳ್ಳುದು.”

ಇದನ್ನು ಕೇಳಿದ ಮೇಲೂ ನಾನು ನಿಲ್ಲಿಸಲಿಲ್ಲ. ಎರಡು ತಿಂಗಳು ಮುಂದುವರಿಸಿದೆ. ಅವರು ಭಾನುವಾರದ ಪದಬಂಧ ಕೈಗೆ ಬಂದಂದಿನಿಂದ ಮೂರು ದಿನ ಕೂತು ಐದಾರು ಚೌಕ ಖಾಲಿ ಬಿಟ್ಟಿರುತ್ತಿದ್ದರು. ನಾನು ಬಂದು ಕಾಲು ಗಂಟೆಯಲ್ಲಿ ತುಂಬಿಸುತ್ತಿದ್ದೆ. ಅವರು ನಗುತ್ತಲೇ ಇದ್ದರು. ಆದರೆ ಬರಬರುತ್ತ ನಾನು ಉತ್ತರ ಹೇಳಿದಾಗ ಮೊದಲಿನಂತೆ ಭಲೇ ಎನ್ನುವುದು ಬಿಟ್ಟು, ಇದು ನಂಗೆ ಯಾಕೆ ಹೊಳೆಯಲಿಲ್ಲ ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳತೊಡಗಿದ್ದರು. ಅದು ನನಗೆ ಕೇಳಿಸುತ್ತಿತ್ತು. ಕೇಳಿಸಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು.

ಮೊದಲೇ ಹೇಳಿದೆನಲ್ಲ, ಆ ಪದಬಂಧದ ಶನಿವಾರ ನಾನು ಹೋದಾಗ ಮನೆ ಕೋರ್ಟಿನಂತಾಗಿತ್ತು. ಆ ವಾರದ ಪದಬಂಧ ಎಲ್ಲರ ತಲೆ ಕೆಡಿಸಿತ್ತು. ಎಡದಿಂದ ಬಲಕ್ಕೆ ಇರುವ ಪದಗಳು ಸರಾಗವಾಗಿ ಬರುತ್ತಿದ್ದವು. ಮೇಲಿನಿಂದ ಕೆಳಕ್ಕೆ ಇಳಿದರೆ ಒಂದೂ ಕೂಡುತ್ತಿರಲಿಲ್ಲ. ವಕೀಲಮ್ಮ ಪತ್ರಿಕೆಯವರಿಗೆ ಕಾಗದ ಬರೆಯುತ್ತೇನೆ, ಇದು ಓದುಗರಿಗೆ ಮಾಡಿದ ಅವಮಾನ ಎಂದು ಕೂಗಾಡುತ್ತಿದ್ದರು. ಕಲಬುರಗಿಯವನಿಗೆ ಖುಷಿಯೋ ಖುಷಿ. “ಏನ್ರೀ ಇದು, ತಲಿ ಗಿರ್ ಅಂತದ. ಇಂಥಾದ್ದು ಬರಬೇಕ್ರಿ ವಾರಾ ವಾರಾ,” ಎಂದು ತೊಡೆ ತಟ್ಟಿಕೊಂಡ. ಅಮ್ಮ, ಇದನ್ನು ಮಾಡಿದವನು ಆ ದಿನ ಹೆಂಡತಿಯ ಜೊತೆ ಜಗಳ ಮಾಡಿರಬೇಕು ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಹಿರಿಯರ ಹಾಳೆಯಲ್ಲಿ ಬರೆದು ಅಳಿಸಿ, ಬರೆದು ಅಳಿಸಿ ಕಾಗದ ಎರಡು ಕಡೆ ಹರಿದಿತ್ತು.

ನನಗೆ ಚೌಕ ಬಾಯಿಪಾಠವಾಗಿತ್ತು. ಶುರು ಮಾಡಿದೆ. ‘ಮದುವೆಯಲ್ಲಿ ಹಣೆಗೆ ಕಟ್ಟುವುದು’ ಎಂಬ ಸುಳಿವಿಗೆ ಹಿರಿಯರು ಬಾಸಿಂಗ ಎಂದು ಬರೆದು ಅಳಿಸಿದ್ದರು. ಅಡ್ಡ ಪದದಿಂದ ನಡುವೆ ‘ಗಾ’ ಬರುತ್ತಿತ್ತು. ನಾನು ತಂಗಾಳಿ ಎಂದೆ. ಮದುವೆಗೂ ತಂಗಾಳಿಗೂ ಎಂಥ ಸಂಬಂಧ ಎಂದು ವಕೀಲಮ್ಮ ಎದ್ದು ನಿಂತರು. ನನಗೂ ಆಗಲೇ ಸುಳಿವು ಓದಿ ಗಾಬರಿಯಾಗಿತ್ತು. ಆದರೆ ಬೆಳಗ್ಗೆ ಉರು ಹೊಡೆದದ್ದು ಸುಳ್ಳಾಗುವುದುಂಟೆ? ಫ್ಯಾನು ನೋಡಿದೆ. ಇದು ಹೊಸ ಶೈಲಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ಹೀಗೆಯೇ ಸುತ್ತಿ ಬಳಸಿ ಕೇಳುತ್ತಾರೆ, ಬಾಸಿಂಗ ಕಟ್ಟಿಕೊಂಡು ಬೆವರುವ ಮದುಮಗನ ಹಣೆಗೆ ಬೇಕಾದದ್ದು ತಂಗಾಳಿ ತಾನೆ ಎಂದೆ.

‘ಕುಂಬಾರನ ಸಾಧನ’ ಎಂಬಲ್ಲಿ ಹಿರಿಯರು ತಿಗರಿ ಎಂದು ಬರೆದಿದ್ದರು. ಮೂರಕ್ಷರ, ಚೌಕ ನಾಲ್ಕು. ಉತ್ತರ ಉಪವಾಸ. ಗಡಿಗೆ ಖಾಲಿಯಾದರೆ ಮನೆಯಲ್ಲಿ ಉಪವಾಸ, ಉಪವಾಸವೇ ಅವನನ್ನು ದುಡಿಸುವ ಸಾಧನ ಎಂದು ಅದಕ್ಕೂ ಒಂದು ಭಾಷ್ಯ ಬರೆದೆ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಜಾಣತನಕ್ಕೆ ನಾನೇ ಮರುಳಾದೆ. ಹೀಗೆ ಹನ್ನೆರಡೋ ಹದಿಮೂರೋ ಪದ. ಹದಿನೈದು ನಿಮಿಷಕ್ಕೆ ಚೌಕ ತುಂಬಿತು.

ಕಲಬುರಗಿಯವನು ಎದ್ದು ಕೈ ಕುಲುಕಿದ. ವಕೀಲಮ್ಮ, ಉತ್ತರ ಸರಿಯೋ ತಪ್ಪೋ ಸೋಮವಾರ ಗೊತ್ತಾಗುತ್ತದೆ, ಸರಿಯಿದ್ದರೆ ನಾನು ಪದಬಂಧ ಬಿಡುತ್ತೇನೆ ಎಂದರು. ಹಿರಿಯರು ಏನು ಮಾಡುತ್ತಿದ್ದಾರೆಂದು ತಿರುಗಿ ನೋಡಿದೆ. ಅವರು ನನ್ನ ವಿವರಣೆಗಳನ್ನೆಲ್ಲ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದರು. ತಂಗಾಳಿಯ ಮುಂದೆ ಮದುಮಗ, ಬೆವರು. ಉಪವಾಸದ ಮುಂದೆ ಖಾಲಿ ಗಡಿಗೆ. ಶಾಲೆಯಲ್ಲಿ ದಡ್ಡ ಎನಿಸಿಕೊಂಡ ಹುಡುಗ ಮೇಷ್ಟರು ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವ ಹಾಗೆ. ಬರೆದು ಮುಗಿಸಿ ಹಾಳೆ ಮಡಚಿದರು. “ನಂಗೆ ಇದರಲ್ಲಿ ಒಂದೂ ಹೊಳೆಯಲಿಲ್ಲ,” ಎಂದರು. ಅವರ ಧ್ವನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ಮಂಗಳವಾರ ಸಂಜೆ ಮಟ್ಟಾಂಚೇರಿಯಲ್ಲಿ ಅಂಗಡಿಯ ಮುಂದೆ ನಿಂತು ಪತ್ರಿಕೆ ತಿರುವಿದೆ. ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕಟ್ಟು. ಒಂಬತ್ತು ದಿನಗಳ ಹಿಂದಿನ ಭಾನುವಾರದ ಪದಬಂಧದಲ್ಲಿ ಮೇಲಿನಿಂದ ಕೆಳಕ್ಕೆ ಎಂಬ ಭಾಗದಲ್ಲಿ ಅಚಾತುರ್ಯದಿಂದ ಬೇರೊಂದು ಪದಬಂಧದ ಸುಳಿವುಗಳು ಅಚ್ಚಾಗಿದ್ದವು. ಹಾಗಾಗಿ ಅದನ್ನು ಬಿಡಿಸಲು ಸಾಧ್ಯವಿರಲಿಲ್ಲ. ಓದುಗರಿಗಾದ ತೊಂದರೆಗೆ ವಿಷಾದಿಸುತ್ತೇವೆ.

ಬೀದಿಯಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುವ ಹಾಗೆ ನಾನು ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡೆ. ದಿನವೂ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಅರ್ಧ ಪುಟದ ತಪ್ಪು ಕಣ್ಣ ಮುಂದಿದ್ದರೂ ಕಾಣಲಿಲ್ಲ, ಕಂಡರೂ ಅದಕ್ಕೆ ಅರ್ಥ ಕಟ್ಟಿ ಹೇಳಿದ್ದೆ. ಈ ಪತ್ರಿಕೆ ತಿರುವನಂತಪುರಕ್ಕೆ ಶುಕ್ರವಾರ ತಲುಪುತ್ತದೆ. ನನ್ನ ಕೈಯಲ್ಲಿ ಮೂರು ದಿನ ಇತ್ತು. ಫೋನು ಮಾಡಿ, ಸರ್, ಅದು ಯಾರಿಗೂ ಬಿಡಿಸಲಾಗದ್ದು, ನಾನು ಕದ್ದು ಓದಿ ಬಂದವನು, ನಿಮಗೇನೂ ಆಗಿಲ್ಲ ಎಂದು ಹೇಳಿದ್ದರೆ ಒಂದು ನಿಮಿಷದ ಕೆಲಸ.

ಮಾಡಲಿಲ್ಲ. ಆ ಶನಿವಾರ ಆಫೀಸಿನಲ್ಲಿ ತುರ್ತು ಕೆಲಸ ಎಂದು ಹೆಂಡತಿಗೆ ಸುಳ್ಳು ಹೇಳಿ ಕೊಚ್ಚಿಯಲ್ಲೇ ಉಳಿದೆ. ಫೋರ್ಟ್ ಕೊಚ್ಚಿಯ ಸಮುದ್ರದ ದಂಡೆಯಲ್ಲಿ ಸಂಜೆಯವರೆಗೆ ಸುಮ್ಮನೆ ಅಡ್ಡಾಡಿದೆ. ಪತ್ರಿಕೆ ಅವರಿಗೆ ತಲುಪಿರುತ್ತದೆ, ಅವರೇ ಓದಿ ಎಲ್ಲ ತಿಳಿದುಕೊಂಡಿರುತ್ತಾರೆ, ನನ್ನನ್ನು ನಾಲ್ಕು ದಿನ ಬೈದು ಮರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ವಕೀಲಮ್ಮನ ಫೋನು ಬಂತು. ಕುಶಲ ವಿಚಾರಿಸಲಿಲ್ಲ. “ಅದು ಬಿಡಿಸ್ಲಿಕ್ಕೆ ಆಗುವಂಥದ್ದೇ ಅಲ್ವಂತೆ. ನೀವು ಬಿಡಿಸಿದ್ದು ಹೇಗೆ ಮಾರಾಯ್ರೆ?” ಎಂದರು. ಕೊಚ್ಚಿಗೆ ಪತ್ರಿಕೆ ಅದೇ ದಿನ ಬರುತ್ತದಂತಲ್ಲ ಎಂದು ಅವರೇ ಉತ್ತರವನ್ನೂ ಹೇಳಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹಿರಿಯರು ಪತ್ರಿಕೆಯನ್ನು ಬಿಡಿಸಿಯೂ ನೋಡುತ್ತಿಲ್ಲ, ಸುತ್ತಿದ ಕಾಗದದ ಪಟ್ಟಿಯ ಸಮೇತ ಹಾಗೇ ಮೂಲೆಗೆ ಹಾಕುತ್ತಿದ್ದಾರೆ, ಆದ್ದರಿಂದ ಅವರಿಗೆ ವಿಷಯ ಗೊತ್ತಿಲ್ಲ ಎಂದರು.

“ನಾನು ಹೇಳಿದ್ರೆ ಅದು ಚಾಡಿ ಆಗ್ತದೆ. ನೀವೇ ಹೋಗಿ ಹೇಳ್ಬೇಕು. ಬೇಗ ಹೇಳಿ.”

ಆ ಬೇಗ ಎಂಬ ಮಾತಿಗೆ ನಾನು ಕೊಟ್ಟ ಅರ್ಥ ಮುಂದಿನ ಶನಿವಾರ.

ಬಾಗಿಲು ತೆರೆದದ್ದು ಅಮ್ಮ. ಬೇರೆ ಯಾರೂ ಬಂದಿರಲಿಲ್ಲ. ಶನಿವಾರದ ಕೂಟ ನಿಂತುಹೋಗಿತ್ತು. ಹಿರಿಯರು ಒಳಗೆ ಮಲಗಿದ್ದರು, ಹಗಲಿನಲ್ಲಿ. ಮೇಜಿನ ಮೇಲೆ ಪಂಚಾಯತಿ ಪುಸ್ತಕ ಇರಲಿಲ್ಲ. ಅಮ್ಮ ಧ್ವನಿ ತಗ್ಗಿಸಿ ಹೇಳಿದರು: ಆ ಪದಬಂಧದ ಮರುದಿನವೇ ಕೂತು ಇಲಾಖೆಗೆ ಕಾಗದ ಬರೆದರಂತೆ, ನನ್ನ ಸ್ಮರಣೆ ಮೊದಲಿನಂತಿಲ್ಲ, ಕಾನೂನಿನ ವಿಷಯದಲ್ಲಿ ಒಂದು ಪದ ತಪ್ಪಿದರೂ ಜನರಿಗೆ ತೊಂದರೆ, ದಯವಿಟ್ಟು ಬೇರೆಯವರಿಗೆ ಕೊಡಿ ಎಂದು. ಸೋಮವಾರ ಬೆಳಗ್ಗೆ ಕಾಗದಗಳನ್ನೆಲ್ಲ ಕಟ್ಟಿ ತಾವೇ ಹೊತ್ತು ಕೊಟ್ಟು ಬಂದರಂತೆ. ಇನ್ನು ನೂರು ಪುಟವೂ ಉಳಿದಿರಲಿಲ್ಲ.

“ತಂಪಾನೂರಿಗೆ ಒಬ್ರೇ ಹೋಗುದಿಲ್ಲ ಈಗ. ಮನೆಯ ವಿಳಾಸ ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಕೊಂಡಿದ್ದಾರೆ. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ,” ಎಂದರು ಅಮ್ಮ. ನಲವತ್ತು ವರ್ಷ ಅದೇ ಊರಿನಲ್ಲಿ ನಡೆದ ಮನುಷ್ಯ.

ಹಿರಿಯರು ಎದ್ದು ಬಂದು ಎದುರಿಗೆ ಕೂತರು, ಅರೆ, ಕಳೆದ ವಾರ ಬರಲಿಲ್ಲವಲ್ಲ, ಆರೋಗ್ಯವೇ ಎಂದು ನನ್ನನ್ನೇ ವಿಚಾರಿಸಿದರು. ನಾನು ಮಂಗಳವಾರದ ಪತ್ರಿಕೆಯನ್ನು ಅವರ ಮುಂದಿಟ್ಟೆ. ಚೌಕಟ್ಟಿನ ಮೇಲೆ ಬೆರಳಿಟ್ಟೆ. ಅವರು ಓದುತ್ತಿರುವಾಗಲೇ ಉಳಿದದ್ದನ್ನೂ ಹೇಳಿದೆ. ಮಟ್ಟಾಂಚೇರಿಯ ಅಂಗಡಿ, ಶುಕ್ರವಾರದ ಸಂಜೆ, ರೈಲಿನಲ್ಲಿ ಉರು ಹೊಡೆದದ್ದು, ಪತ್ರಿಕೆ ಎಸೆದದ್ದು, ಮಂಗಳವಾರವೇ ತಿಳಿದೂ ಸುಮ್ಮನಿದ್ದದ್ದು, ಎಲ್ಲ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಅವರ ಕಾಲ ಬೆರಳುಗಳನ್ನೇ ನೋಡುತ್ತಿದ್ದೆ.

ಅವರು ಬಹಳ ಹೊತ್ತು ಆ ಚೌಕಟ್ಟನ್ನೇ ಓದಿದರು. ಆಮೇಲೆ ಕೇಳಿದರು. “ನೀನು ಹೇಳಿದ್ದರಲ್ಲಿ ಒಂದು ವಾರವಾದರೂ ನೀನೇ ಬಿಡಿಸಿದ್ದುಂಟಾ?”

ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದರು.

“ಇಲ್ಲ ಸರ್. ಒಂದೂ ಇಲ್ಲ.”

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ನನ್ನ ಮುಂದಿದ್ದ ಕಾಫಿಯ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅರ್ಧ ಕುಡಿದಿದ್ದೆ. ಮತ್ತೆ ಹೊರಗೆ ಬರಲಿಲ್ಲ. ಹಿರಿಯರು ಮಾತ್ರ ಮೆಲ್ಲಗೆ ನಕ್ಕರು. ತಿಗರಿ ಸರಿಯೇ ಇತ್ತು ಹಾಗಾದರೆ ಎಂದರು. ಬಾಸಿಂಗವೂ ಸರಿಯಿತ್ತು ಎಂದರು. ಹಾಗೆ ಒಂದೊಂದೇ ನೆನಪು ಮಾಡಿಕೊಂಡು ಬೆರಳು ಮಡಚುತ್ತ ಹೋದರು. ಅವರ ಆ ಸಂತೋಷವನ್ನು ನೋಡುತ್ತ ಕೂರುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಗಿತ್ತು.

ಪುಸ್ತಕವನ್ನು ವಾಪಸ್ಸು ಕೇಳೋಣ, ನಾನೂ ಬರುತ್ತೇನೆ, ಇಲಾಖೆಯವರಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ. ಸೋಮವಾರ ರಜೆ ಹಾಕಿದೆ. ಹೆಂಡತಿಗೂ ಅಷ್ಟರಲ್ಲಿ ನಿಜ ಹೇಳಿದ್ದೆ. ಅವಳು ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಮಂಚದ ಮೇಲೆ ಎಸೆದು, ಅಲ್ಲಿಯಾದರೂ ಬಾಯಿ ಬಿಡು ಎಂದಳು.

ಇಲಾಖೆಯ ಅಧಿಕಾರಿ ಮಲಯಾಳಿ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಿರಿಯರನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು. ವಿಷಯ ಕೇಳಿ ಫೈಲು ತರಿಸಿದರು. ಅದರಲ್ಲಿ ಹಿರಿಯರ ಕಾಗದವಿತ್ತು, ಸ್ವಂತ ಅಕ್ಷರದಲ್ಲಿ, ಸಹಿ ಮಾಡಿ. ಸಾರ್, ನಿಮ್ಮ ನೆನಪು ಸರಿಯಿಲ್ಲ ಎಂದು ನೀವೇ ಬರೆದು ಕೊಟ್ಟಿದ್ದೀರಿ, ಎರಡು ವಾರದಲ್ಲಿ ಸರಿಯಾಯಿತು ಎಂದರೆ ನಾನು ಫೈಲಿನಲ್ಲಿ ಏನೆಂದು ಬರೆಯಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದವನು ನಾನು. ರಾತ್ರಿಯೆಲ್ಲ ವಾಕ್ಯ ಜೋಡಿಸಿಕೊಂಡು ಬಂದಿದ್ದೆ.

ಕೋಣೆಯಲ್ಲಿ ಇನ್ನೂ ಮೂರು ಜನ ಗುಮಾಸ್ತರಿದ್ದರು. ಅವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಅಧಿಕಾರಿಯ ಕಣ್ಣು ನನ್ನ ಕಡೆ ತಿರುಗಿತು, ನೀವು ಯಾರು ಎನ್ನುವ ಹಾಗೆ. ಜೋಡಿಸಿಕೊಂಡ ವಾಕ್ಯ ಬಿಟ್ಟು ನಾನು ಫ್ಯಾನು ನೋಡಿದೆ. ಒಂದು, ಎರಡು, ಮೂರು ಕ್ಷಣ. ಹಿರಿಯರು ನನ್ನನ್ನು ಒಮ್ಮೆ ನೋಡಿ ಅಧಿಕಾರಿಗೆ ಹೇಳಿದರು, ತಪ್ಪು ನನ್ನದೇ, ವಯಸ್ಸಾದವನು ಸುಮ್ಮಸುಮ್ಮನೆ ಹೆದರಿಬಿಟ್ಟೆ, ಇವರು ನಮ್ಮ ಊರಿನ ಹುಡುಗ, ಜೊತೆಗೆ ಬಂದಿದ್ದಾರೆ ಎಂದು. ನಾನು ಅವರ ಊರಿನವನಲ್ಲ. ಹೌದು ಎಂಬಂತೆ ತಲೆಯಾಡಿಸಿದೆ. ಕದ್ದದ್ದಕ್ಕೆ ವಯಸ್ಸು ಎಂಬ ನೆಪ ಕೊಡಬಹುದು, ಇದಕ್ಕೆ ನನ್ನ ಬಳಿ ಯಾವ ನೆಪವೂ ಇಲ್ಲ.

ಅಧಿಕಾರಿ ಸಂಕೋಚದಿಂದಲೇ ಒಂದು ದಾರಿ ಹೇಳಿದರು. ಹೊಸಬರನ್ನು ತೆಗೆದುಕೊಳ್ಳುವಾಗ ಮಾಡುವ ಹಾಗೆ ಒಂದು ಪುಟ ಇಲ್ಲೇ ಕೂತು ಭಾಷಾಂತರ ಮಾಡಿಕೊಟ್ಟರೆ, ಅದನ್ನು ಪರಿಶೀಲನೆಗೆ ಕಳಿಸಿ, ಫೈಲಿನಲ್ಲಿ ಇಟ್ಟು ಕೆಲಸ ಮತ್ತೆ ಕೊಡಬಹುದು. ಹಿರಿಯರು ಆಗಲಿ ಎಂದರು. ಕಿಟಕಿಯ ಪಕ್ಕ ಒಂದು ಸಣ್ಣ ಮೇಜನ್ನು ಖಾಲಿ ಮಾಡಿಕೊಟ್ಟರು. ಆ ಕಚೇರಿಯ ಕನ್ನಡ ಕಾಗದಗಳಲ್ಲಿ ಅರ್ಧಕ್ಕರ್ಧ ಬರೆದ ಮನುಷ್ಯ ಅಲ್ಲಿ ಕೂತು ಪರೀಕ್ಷೆ ಬರೆದರು. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ನೋಡಿದೆ. ಅವರು ಒಂದೊಂದು ಸಾಲಿಗೂ ನಿಲ್ಲುತ್ತಿದ್ದರು. ಬರೆದ ಪದವನ್ನು ಹೊಡೆದು ಹಾಕಿ, ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಅದೇ ಪದವನ್ನು ಮತ್ತೆ ಬರೆಯುತ್ತಿದ್ದರು. ಮನೆಯಲ್ಲಿ ಅವರು ಬರೆಯುವುದನ್ನು ಎಷ್ಟೋ ಸಲ ನೋಡಿದ್ದೆ. ಪೆನ್ನು ನಿಂತದ್ದು ನೋಡಿರಲಿಲ್ಲ. ಒಂದು ಪುಟಕ್ಕೆ ಒಂದೂವರೆ ಗಂಟೆಯಾಯಿತು.

ಅಧಿಕಾರಿ ಹಾಳೆ ತೆಗೆದುಕೊಂಡು, ಇದೆಲ್ಲ ಬರೀ ಶಾಸ್ತ್ರಕ್ಕೆ ಸಾರ್, ಮುಂದಿನ ವಾರ ಪುಸ್ತಕ ನಿಮ್ಮ ಮನೆಗೇ ಬರುತ್ತದೆ ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಹಾಗೆಯೇ ಬಂತು ಕೂಡ. ಹಿರಿಯರು ಅದನ್ನು ಮುಗಿಸಿದರು ಎಂದು ವಕೀಲಮ್ಮನಿಂದ ಆಮೇಲೆ ಕೇಳಿದೆ. ಅವರಿಗೆ ಅಣ್ಣನ ರೋಗ ಬರಲಿಲ್ಲ ಎಂದೂ ಕೇಳಿದೆ. ಕೇಳಿ ಸಮಾಧಾನವಾಯಿತು ಎಂದು ಬರೆಯಲು ನೋಡುತ್ತೇನೆ, ಆಗುವುದಿಲ್ಲ.

ಯಾಕೆಂದರೆ ಆ ದಿನ ಕಚೇರಿಯ ಮೆಟ್ಟಿಲು ಇಳಿಯುವಾಗ ಅವರು ನಡುವೆ ನಿಂತರು. ನಾನು ಈಗಲಾದರೂ ಕ್ಷಮೆ ಕೇಳಬೇಕೆಂದು ಅವರ ಕಡೆ ತಿರುಗಿದೆ. ಅವರು ನನ್ನ ತೋಳು ಹಿಡಿದುಕೊಂಡರು. ಎಲ್ಲ ತಿಳಿದ ಮೇಲೆ, ನಾನು ಎಂಥವನು ಎಂದು ನನ್ನ ಬಾಯಿಂದಲೇ ಕೇಳಿದ ಮೇಲೆ, ಯಾರೂ ಇಲ್ಲದಲ್ಲಿ ಮೆಲ್ಲಗೆ ಹೇಳಿದರು.

“ಆ ಹಾಳೆ ಕೊಡುವ ಮೊದಲು ನಿಂಗೆ ಒಮ್ಮೆ ತೋರಿಸ್ಬೇಕಿತ್ತು. ಎಂತಾದ್ರೂ ತಪ್ಪು ಬರೆದಿದ್ದೇನಾ ಅಂತ.”